ಹುಟ್ಟುಹಬ್ಬಕ್ಕೆ ಜಾಗ ನೋಡುವಾಗ

ಮಗುವಿನ ಹುಟ್ಟುಹಬ್ಬಕ್ಕೆ ಜಾಗ ಹುಡುಕುವ ಕೆಲಸ ನಮ್ಮ ಬಾಲ್ಯದಲ್ಲಿ ಇರಲಿಲ್ಲ. ಬೆಳಗ್ಗೆ ಎಣ್ಣೆಸ್ನಾನ, ಹೊಸ ಅಂಗಿ, ಹಿರಿಯರ ಪಾದಗಳಿಗೆ ನಮಸ್ಕಾರ, ಮಧ್ಯಾಹ್ನ ಶ್ಯಾವಿಗೆ ಪಾಯಸ, ನೆರೆಮನೆಗಳಿಗೆ ಒಂದೊಂದು ಬಟ್ಟಲು; ಅಲ್ಲಿಗೆ ಹಬ್ಬ ಮುಗಿಯುತ್ತಿತ್ತು. ಈಗ ಮಗುವಿಗೆ ಶಾಲೆಯ ಗೆಳೆಯರಿದ್ದಾರೆ, ತಂದೆ ತಾಯಿಗೆ ಕಚೇರಿಯ ಸ್ನೇಹಿತರಿದ್ದಾರೆ, ನಗರದ ಮನೆಗಳು ಚಿಕ್ಕವು. ಹೊರಗೆ ಜಾಗ ನೋಡುವುದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಆ ಜಾಗವನ್ನು ಯಾರ ಅಳತೆಗೆ ನೋಡುತ್ತೇವೆ ಎಂಬುದನ್ನು ವಿಚಾರ ಮಾಡಬೇಕಾಗಿದೆ.

ನಾಲ್ಕು ವರ್ಷಗಳ ಹಿಂದೆ ನಮ್ಮ ಮೊಮ್ಮಗನಿಗೆ ಮೂರು ತುಂಬಿದಾಗ ಬೆಂಗಳೂರಿನ ಒಂದು ಸಭಾಂಗಣವನ್ನು ಗೊತ್ತುಮಾಡಿದೆವು. ಆರಿಸಿದವರು ಮಗ ಸೊಸೆಯಾದರೂ ಒಪ್ಪಿಗೆ ಕೊಟ್ಟವರು ನಾವೇ. ಆದುದರಿಂದ ದೋಷದಲ್ಲಿ ನಮ್ಮ ಪಾಲೂ ಉಂಟು. ಸಭಾಂಗಣ ಎರಡನೆಯ ಮಹಡಿಯಲ್ಲಿತ್ತು. ಲಿಫ್ಟ್ ಆ ದಿನ ಕೆಟ್ಟಿತ್ತು. ಎಂಬತ್ತು ದಾಟಿದ ನಮ್ಮ ತಾಯಿಯವರು ಹನ್ನೆರಡು ಮೆಟ್ಟಿಲು ಹತ್ತಿ, ಮೊಣಕಾಲು ಹಿಡಿದುಕೊಂಡು, 'ನೀವು ಹೋಗಿರಪ್ಪ' ಎಂದು ಕೆಳಗಿಳಿದು ಕಾವಲುಗಾರನ ಕುರ್ಚಿಯಲ್ಲಿ ಕುಳಿತರು. ಆಹ್ವಾನ ಏಳು ಗಂಟೆಗೆ, ಅತಿಥಿಗಳು ಸೇರಿದ್ದು ಎಂಟೂವರೆಗೆ. ಧ್ವನಿವರ್ಧಕದ ಅಬ್ಬರಕ್ಕೆ ಎರಡು ಸಲ ಅತ್ತ ಮಗು ಅಷ್ಟರಲ್ಲಿ ತಾಯಿಯ ಹೆಗಲ ಮೇಲೆ ನಿದ್ದೆ ಹೋಗಿತ್ತು. ನಿದ್ದೆಯಲ್ಲಿದ್ದ ಕೈಗೆ ಚಾಕು ಹಿಡಿಸಿ ಕೇಕು ಕತ್ತರಿಸಿದೆವು. ಆಮೇಲೆ ತಿಳಿಯಿತು, ಅದು ಮೊಟ್ಟೆ ಹಾಕಿದ ಕೇಕು. ಸಭಾಂಗಣದವರು ತಮ್ಮ ಬೇಕರಿಯಿಂದಲೇ ತರಬೇಕೆಂಬ ಕರಾರು ಮಾಡಿಕೊಂಡಿದ್ದರು, ನಾವು ಕೇಳಿರಲಿಲ್ಲ. ಕೆಳಗೆ ತಾಯಿಯವರಿಗೆ ಕೊಟ್ಟ ತಟ್ಟೆಯನ್ನು ಓಡಿಹೋಗಿ ಹಿಂದಕ್ಕೆ ತರಬೇಕಾಯಿತು. ಅವರು ತಿಂದಿರಲಿಲ್ಲ. 'ಮಗುವನ್ನು ಕರೆತಂದು ತೋರಿಸಿ, ಆಶೀರ್ವಾದ ಮಾಡುತ್ತೇನೆ' ಎಂದರು, ಅಷ್ಟೇ.

ಅಂದಿನಿಂದ ಜಾಗ ನೋಡಲು ಹೋದಾಗಲೆಲ್ಲ ನಾವು ಮೊದಲು ಮೆಟ್ಟಿಲುಗಳನ್ನು ಎಣಿಸುತ್ತೇವೆ.

ಎಣಿಸುವುದಕ್ಕೆ ಇನ್ನೊಂದು ಕಾರಣವೂ ಉಂಟು. 2017ರ ಡಿಸೆಂಬರ್ 29ರ ನಡುರಾತ್ರಿ ಮುಂಬಯಿಯ ಕಮಲಾ ಮಿಲ್ಸ್ ಆವರಣದ ಮಹಡಿ ಮೇಲಿನ ಉಪಾಹಾರ ಗೃಹದಲ್ಲಿ ಬೆಂಕಿ ಬಿದ್ದು 14 ಜನ ತೀರಿಕೊಂಡರು. ಅವರಲ್ಲಿ ಒಬ್ಬ ತರುಣಿ ತನ್ನ ಹುಟ್ಟುಹಬ್ಬವನ್ನಾಚರಿಸಲೆಂದೇ ಬಂದಿದ್ದವಳು. 2024ರ ಮೇ 25ರಂದು ರಾಜಕೋಟೆಯ ಆಟದ ಕೇಂದ್ರವೊಂದು ಹೊತ್ತಿ ಉರಿದಾಗ ಮಕ್ಕಳೂ ಸೇರಿ 25ಕ್ಕೂ ಹೆಚ್ಚು ಜನ ಬಲಿಯಾದರು. ಆ ಕೇಂದ್ರಕ್ಕೆ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರವೇ ಇರಲಿಲ್ಲ. ಹಬ್ಬದ ಮಾತಿನ ನಡುವೆ ಇದೇಕೆ ಎಂದು ಓದುಗರು ಬೇಸರಿಸಬಾರದು. ಮುಂಗಡ ಕೊಡುವ ಮುನ್ನ ಹೊರಬಾಗಿಲು ಎರಡಿವೆಯೇ, ಎರಡನೆಯದಕ್ಕೆ ಬೀಗ ಹಾಕಿದೆಯೇ, ಅದರ ಮುಂದೆ ಕುರ್ಚಿಗಳ ರಾಶಿ ಬಿದ್ದಿದೆಯೇ ಎಂದು ಒಮ್ಮೆ ನಡೆದು ನೋಡುವುದಕ್ಕೆ ಐದು ನಿಮಿಷ ಸಾಕು. ಸಂಕೋಚವೇಕೆ? ಜಲಜನಕ ತುಂಬಿದ ಬಲೂನುಗಳನ್ನು ದೀಪದ ಬಳಿ ಕಟ್ಟಕೂಡದು. ಕೇಕಿನ ಮೇಲೆ ಮೇಣದ ಬತ್ತಿ ಉರಿಯುತ್ತಿರುವಾಗ ನೊರೆ ಚಿಮ್ಮಿಸುವ ಡಬ್ಬಿಗಳನ್ನು ಹುಡುಗರ ಕೈಗೆ ಕೊಡಲೇಬಾರದು. ಆ ನೊರೆಗೆ ಬೆಂಕಿ ತಗಲುತ್ತದೆ.

ಇನ್ನು ಕಲ್ಯಾಣ ಮಂಟಪಗಳ ಮಾತು. ಪರಿಚಯದವರಿಂದ ಕಡಿಮೆ ಬಾಡಿಗೆಗೆ ಸಿಗುತ್ತದೆಂದು ಬಹಳ ಜನ ಅಲ್ಲಿಗೆ ಹೋಗುತ್ತಾರೆ. ಐನೂರು ಜನರ ಮದುವೆಗೆಂದು ಕಟ್ಟಿದ ಮಂಟಪದಲ್ಲಿ ಹದಿನೈದು ಮಕ್ಕಳು ಕಣ್ಣಿಗೇ ಬೀಳುವುದಿಲ್ಲ. ಎತ್ತರದ ವೇದಿಕೆಯ ಮೇಲೆ ಸಿಂಹಾಸನದಂತಹ ಕುರ್ಚಿಯಲ್ಲಿ ಕುಳ್ಳಿರಿಸಿದ ಮಗು ಬೆದರಿ ತಾಯಿಯ ಸೆರಗು ಹುಡುಕುತ್ತದೆ. ಜಾಗ ದೊಡ್ಡದಾದಷ್ಟೂ ಅದನ್ನು ತುಂಬಿಸಲೆಂದು ಆಹ್ವಾನ ಪಟ್ಟಿಯೂ ಬೆಳೆಯುತ್ತದೆ. ಕೊನೆಗೆ ಅದು ಯಾರ ಹಬ್ಬವೆಂಬುದೇ ಮರೆತುಹೋಗುತ್ತದೆ. ಐದು ವರ್ಷದೊಳಗಿನ ಮಗುವಿಗೆ ಆರೇಳು ಜೊತೆಗಾರರು, ಎರಡು ಗಂಟೆಯ ಅವಧಿ, ಸಂಜೆ ನಾಲ್ಕರ ಹೊತ್ತು ಧಾರಾಳ. ಮನೆಯ ಮಾಳಿಗೆಯೇ ಆಗಬಹುದು, ಆದರೆ ಕೈಪಿಡಿ ಗೋಡೆ ಎತ್ತರವಾಗಿರಬೇಕು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ತೆರೆದ ಸ್ಥಳದಲ್ಲಿ ಧ್ವನಿವರ್ಧಕ ಕೂಡದೆಂದು 2000ದ ಶಬ್ದಮಾಲಿನ್ಯ ನಿಯಮಗಳೇ ಹೇಳುತ್ತವೆ. ನೆರೆಮನೆಯಲ್ಲಿ ಪರೀಕ್ಷೆಗೆ ಓದುವ ಹುಡುಗಿಯಿದ್ದರೆ ಹತ್ತರವರೆಗೂ ಕಾಯಬೇಕಾಗಿಲ್ಲ.

ಎಂಟು ಹತ್ತು ವರ್ಷದವರಾದರೆ ಸಭಾಂಗಣಕ್ಕಿಂತ ತಿರುಗಾಟವೇ ಅವರಿಗೆ ಹೆಚ್ಚು ಪ್ರಿಯ. ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ರೈಟ್ ಸೋದರರ ವಿಮಾನದ ಪ್ರತಿಕೃತಿಯ ಮುಂದೆ ನಿಂತ ಹುಡುಗರನ್ನು ಅಲ್ಲಿಂದ ಕದಲಿಸುವುದೇ ಕಷ್ಟ. 1989ರಲ್ಲಿ ಆರಂಭವಾದ ಜವಾಹರಲಾಲ್ ನೆಹರು ತಾರಾಲಯವೂ ಅಲ್ಲಿಂದ ಬಹಳ ದೂರವಿಲ್ಲ. ಮೈಸೂರಿನವರಿಗೆ 1892ರಷ್ಟು ಹಳೆಯ ಮೃಗಾಲಯವಿದೆ. ಅಲ್ಲಿ ಹಣ ಕಟ್ಟಿ ಒಂದು ಪ್ರಾಣಿಯನ್ನೋ ಪಕ್ಷಿಯನ್ನೋ ದತ್ತು ಪಡೆಯುವ ವ್ಯವಸ್ಥೆಯಿದ್ದು, ಮಗುವಿನ ಹೆಸರಿನಲ್ಲಿ ಹಾಗೆ ಮಾಡುವವರಿದ್ದಾರೆ. ಮಂಗಳವಾರ ಮಾತ್ರ ಹೋಗಬೇಡಿ, ವಾರದ ರಜೆ. ಉದ್ಯಾನಗಳಲ್ಲಿ ತಿಂಡಿ ತರಲು ಬಿಡುತ್ತಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಲೇಸು. ಬುತ್ತಿ ಹೊತ್ತು ಬಾಗಿಲಲ್ಲಿ ನಿಂತವರನ್ನು ನಾವು ಕಂಡಿದ್ದೇವೆ.

ಮಠದ ಪ್ರಸಾದ ನಿಲಯಗಳಲ್ಲಿ, ಅನಾಥಾಶ್ರಮಗಳಲ್ಲಿ ಹುಟ್ಟುಹಬ್ಬ ಆಚರಿಸುವ ಪದ್ಧತಿಯೂ ಬೆಳೆದಿದೆ. ಅಂದಿನ ದಾಸೋಹಕ್ಕೆ ಕಾಣಿಕೆ ಸಲ್ಲಿಸಿ, ಪಂಕ್ತಿಯಲ್ಲಿ ಕುಳಿತು ಎಲ್ಲರೊಡನೆ ಪ್ರಸಾದ ಸ್ವೀಕರಿಸಿ ಬರುವುದು ಬಹು ಒಳ್ಳೆಯದು. ಆದರೆ ತಂದೆ ತಾಯಿ ಇಲ್ಲದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ನಮ್ಮ ಮಗುವಿಗೆ ಕಿರೀಟ ತೊಡಿಸಿ, ಅವರಿಂದ ಚಪ್ಪಾಳೆ ತಟ್ಟಿಸಿ ಛಾಯಾಚಿತ್ರ ತೆಗೆಸುವುದು ನಮಗೆ ಸರಿಯೆನಿಸದು. ಆ ಸಾಲಿನಲ್ಲಿ ನಿಂತ ಮಗುವಿಗೂ ಒಂದು ಹುಟ್ಟಿದ ದಿನ ಇದ್ದೀತು.

ಮೊಮ್ಮಗನ ನಾಲ್ಕನೆಯ ಹುಟ್ಟುಹಬ್ಬ ಮನೆಯ ಮುಂದಿನ ಅಂಗಳದಲ್ಲೇ ನಡೆಯಿತು. ಆರು ಮಕ್ಕಳು ಬಂದಿದ್ದರು, ಮನೆಗೆಲಸದ ತಾಯಿಯ ಮಗಳೂ ಅವರಲ್ಲೊಬ್ಬಳು. ತಾಯಿಯವರು ಮೆಟ್ಟಿಲು ಹತ್ತದೆ, ಜಗಲಿಯಲ್ಲಿ ಕುಳಿತೇ ಪ್ರತಿ ಮಗುವಿನ ಕೈಗೂ ಒಬ್ಬಟ್ಟು ಕೊಟ್ಟರು. ಒಂದು ಹೂಕುಂಡ ಒಡೆಯಿತು. ಈ ವರ್ಷ ಅವನಿಗೆ ಏಳು ತುಂಬುತ್ತದೆ. ಎಲ್ಲಿ ಮಾಡೋಣವೆಂದು ಈ ಸಲ ಅವನನ್ನೇ ಕೇಳಿದೆವು. ಮಾವಿನ ಮರಕ್ಕೆ ಜೋಕಾಲಿ ಕಟ್ಟಬೇಕಂತೆ, ಮುತ್ತಜ್ಜಿಯೂ ಒಮ್ಮೆ ಅದರಲ್ಲಿ ಕೂರಬೇಕಂತೆ. ಹಗ್ಗ ತಂದಿಟ್ಟಿದ್ದೇವೆ, ಕೊಂಬೆ ಗಟ್ಟಿಯಿದೆಯೇ ಎಂದು ನೋಡುವುದೊಂದು ಉಳಿದಿದೆ.