ಸುತ್ತ ನೀರಿದ್ದರೆ ಬೆಂಕಿಗೆ ಹೆದರಬೇಕಿಲ್ಲವೇ?

ಚನ್ನಗಿರಿಯ ಮನೆಯೊಂದರ ಪಡಸಾಲೆಯಲ್ಲಿ ನೀಲಿ ಸೂಟ್‌ಕೇಸೊಂದು ಬಾಯಿ ತೆರೆದು ಕೂತಿತ್ತು. ಒಳಗೆ ಎರಡು ಡಜನ್ ಮೇಣದಬತ್ತಿ, ಊದುಬತ್ತಿ ಕಟ್ಟು, ಬೆಂಕಿಪೊಟ್ಟಣ, ದೀಪಾವಳಿಯಲ್ಲಿ ಉಳಿದ ಸುರ್‌ಸುರ್ ಬತ್ತಿ, ಮೂವತ್ತು ಅಡಿಯ ಸೀರಿಯಲ್ ಸೆಟ್, ಅದಕ್ಕೊಂದು ಎಕ್ಸ್‌ಟೆನ್ಷನ್ ಬಾಕ್ಸ್. ಎಲ್ಲಕ್ಕೂ ಮೇಲೆ, ಮಡಿಸಿಟ್ಟ ಕೆಂಪು ಕಾಗದದ ನಕ್ಷತ್ರ. ಅಣ್ಣ ಚನ್ನಗಿರಿಯಲ್ಲಿ, ತಮ್ಮ ನ್ಯಾಮತಿಯಲ್ಲಿ, ತಂಗಿಯರಲ್ಲಿ ಒಬ್ಬಾಕೆ ಹೊನ್ನಾಳಿಗೆ, ಇನ್ನೊಬ್ಬಾಕೆ ಜಗಳೂರಿಗೆ ಸೊಸೆ. ನಾಲ್ಕೂ ಮನೆಯವರು ಸೇರಿ ಮೊದಲ ಸಲ ಕ್ರಿಸ್‌ಮಸ್ ರಜೆಗೆ ಮುಂಬೈಯಿಂದ ಕ್ರೂಸ್ ಹಡಗು ಹತ್ತಲು ಹೊರಟಿದ್ದರು. 24ರ ರಾತ್ರಿ ಹನ್ನೆರಡಕ್ಕೆ ಕೋಣೆಯಲ್ಲೇ ಗೋದಲಿ ಕಟ್ಟುವುದು, ಸುತ್ತ ಮೇಣದಬತ್ತಿ ಹಚ್ಚುವುದು, ಆಮೇಲೆ ಬಾಲ್ಕನಿಯಲ್ಲಿ ಮಕ್ಕಳ ಕೈಗೆ ಸುರ್‌ಸುರ್ ಬತ್ತಿ ಕೊಡುವುದು ಎಂದು ಹಬ್ಬದ ಏರ್ಪಾಡು ಸಿದ್ಧವಾಗಿತ್ತು.

“ಹಡಗಲ್ಲಿ ಇದೆಲ್ಲ ಹಚ್ಚೋಕೆ ಬಿಡ್ತಾರಾ?” ಎಂದು ಪಕ್ಕದ ಮನೆಯವರು ಕೇಳಿದರು. ಹಿರಿಯರ ಉತ್ತರ ತಡವಾಗಲಿಲ್ಲ: “ಸುತ್ತಮುತ್ತ ನೀರೇ ಐತಲ್ಲಪ್ಪ, ಬೆಂಕಿ ಹತ್ತಿದ್ರೂ ಏನಾಗ್ತದೆ?”

ಈ ಒಂದು ಮಾತು ಒಳನಾಡಿನ ಎಷ್ಟು ಮನೆಗಳಲ್ಲಿ ಓಡಾಡುತ್ತಿದೆಯೋ! 2021ರ ಸೆಪ್ಟೆಂಬರ್‌ನಲ್ಲಿ ಕಾರ್ಡೆಲಿಯಾ ಸಂಸ್ಥೆಯ ಹಡಗು ಮುಂಬೈಯಿಂದ ಓಡಾಟ ಶುರುಮಾಡಿದ ಮೇಲೆ, ಸಮುದ್ರವನ್ನು ಗೋಕರ್ಣದಲ್ಲೋ ಮುರ್ಡೇಶ್ವರದಲ್ಲೋ ದಡದಿಂದ ಮಾತ್ರ ಕಂಡಿದ್ದ ಕುಟುಂಬಗಳೂ ಕ್ರೂಸ್ ಟಿಕೆಟ್ ವಿಚಾರಿಸತೊಡಗಿದವು. ಬಟ್ಟೆಬರೆ, ಊಟ, ಫೋಟೊ ಎಲ್ಲದಕ್ಕೂ ಪಟ್ಟಿ ಮಾಡುವವರು ಬೆಂಕಿಯ ವಿಷಯ ಬಂದಾಗ ಮಾತ್ರ ನೀರಿನ ಮೇಲೆ ಭಾರ ಹಾಕಿ ಸುಮ್ಮನಾಗುತ್ತಾರೆ. ಓದಿದವರೂ ಹೀಗೇ ಹೇಳುವುದನ್ನು ಕೇಳಿದರೆ ತಾಳ್ಮೆ ಕೆಡುತ್ತದೆ. ಸೂಳೆಕೆರೆ ಏರಿಯ ಪಕ್ಕದ ಹುಲ್ಲಿನ ಬಣವೆಗೆ ಬೆಂಕಿ ಬಿದ್ದರೆ ಕೆರೆ ಎದ್ದು ಬಂದು ಆರಿಸುತ್ತದೆಯೇ? ಬಣವೆ ಸುಟ್ಟು ಬೂದಿಯಾಗುತ್ತದೆ, ಕೆರೆ ಇದ್ದಲ್ಲೇ ಇರುತ್ತದೆ.

ಹಡಗಿನವರು ಬಿರುಗಾಳಿಗಿಂತ ಹೆಚ್ಚು ಹೆದರುವುದು ಬೆಂಕಿಗೆ. ಊರಲ್ಲಿ ಮನೆಗೆ ಬೆಂಕಿ ಹತ್ತಿದರೆ ಜನ ಬೀದಿಗೆ ಓಡುತ್ತಾರೆ, 112ಕ್ಕೆ ಫೋನ್ ಮಾಡುತ್ತಾರೆ, ಅಗ್ನಿಶಾಮಕ ವಾಹನ ಬರುತ್ತದೆ. ನಡುಗಡಲಲ್ಲಿ ಓಡಲು ಬೀದಿಯಿಲ್ಲ, ಹೊರಗಿನಿಂದ ಬರುವ ವಾಹನವೂ ಇಲ್ಲ. ಸಿಬ್ಬಂದಿಯೇ ಬೆಂಕಿ ಆರಿಸಬೇಕು. ಗೋಡೆ, ನೆಲ, ಚಾವಣಿ ಎಲ್ಲ ಉಕ್ಕು. ಉಕ್ಕು ಉರಿಯದಿದ್ದರೂ ಶಾಖವನ್ನು ಪಕ್ಕದ ಕೋಣೆಗೆ ದಾಟಿಸುತ್ತದೆ. ಇಕ್ಕಟ್ಟಾದ ಉದ್ದನೆಯ ಓಣಿಗಳಲ್ಲಿ ಹೊಗೆ ತುಂಬಿಕೊಂಡರೆ ಜ್ವಾಲೆ ತಲುಪುವ ಮೊದಲೇ ಜನ ಉಸಿರುಗಟ್ಟುತ್ತಾರೆ.

ನೀರು ಸುರಿದರಾಯಿತಲ್ಲ ಎನ್ನುವವರು 1942ರ ಫೆಬ್ರುವರಿ 9ರಂದು ನ್ಯೂಯಾರ್ಕ್‌ನಲ್ಲಿ ಏನಾಯಿತೆಂದು ತಿಳಿಯಬೇಕು. ಜಗತ್ತಿನ ಅತಿ ದೊಡ್ಡ, ಅತಿ ಬೆಡಗಿನ ಹಡಗುಗಳಲ್ಲಿ ಒಂದೆನಿಸಿದ್ದ ಫ್ರಾನ್ಸಿನ ‘ನಾರ್ಮಂಡಿ’ಯನ್ನು ಅಲ್ಲಿ ಸೈನಿಕರ ಸಾಗಣೆಗೆ ಸಜ್ಜುಗೊಳಿಸುತ್ತಿದ್ದರು. ಕಬ್ಬಿಣ ಕತ್ತರಿಸುವಾಗ ಹಾರಿದ ಕಿಡಿ ರಾಶಿ ಹಾಕಿದ್ದ ಲೈಫ್ ಜಾಕೆಟ್‌ಗಳಿಗೆ ತಗುಲಿತು. ಹಡಗು ನಿಂತಿದ್ದದ್ದು ಬಂದರಿನ ದಕ್ಕೆಯಲ್ಲಿ, ಸುತ್ತ ನದಿ. ದಡದಿಂದಲೂ ದೋಣಿಗಳಿಂದಲೂ ನೀರು ಸುರಿದರು, ಬೆಂಕಿ ಹತೋಟಿಗೆ ಬಂತು. ಆದರೆ ಸುರಿದ ನೀರು ಮೇಲಿನ ಅಂತಸ್ತುಗಳಲ್ಲಿ ನಿಂತು ಒಂದು ಮಗ್ಗುಲಿಗೆ ವಾಲಿ, ಮರುದಿನ ನಸುಕಿನೊಳಗೆ ಆ ಭಾರೀ ಹಡಗು ಕಟ್ಟಿದ ಜಾಗದಲ್ಲೇ ಮಗುಚಿ ಬಿತ್ತು.

ಹೊನ್ನಾಳಿಯ ಕಡೆ ತುಂಗಭದ್ರೆಯಲ್ಲಿ ತೆಪ್ಪ ಹಾಕಿದವರಿಗೆ ಇದರ ಗುಟ್ಟು ಬಿಡಿಸಿ ಹೇಳಬೇಕಿಲ್ಲ. ತೆಪ್ಪದೊಳಗೆ ನಾಲ್ಕು ಬಕೆಟ್ ನೀರು ಸೇರಿದರೆ ಅದು ಒಂದೆಡೆ ನಿಲ್ಲುವುದಿಲ್ಲ. ತೆಪ್ಪ ಎಡಕ್ಕೆ ಓರೆಯಾದರೆ ನೀರೂ ಎಡಕ್ಕೆ ಓಡುತ್ತದೆ, ಭಾರವೆಲ್ಲ ಅಲ್ಲೇ ಸೇರಿ ತೆಪ್ಪವನ್ನು ಇನ್ನಷ್ಟು ಓರೆ ಮಾಡುತ್ತದೆ. ಹೊರಗಿನ ನೀರು ತೆಪ್ಪವನ್ನು ತೇಲಿಸುತ್ತದೆ, ಒಳಗೆ ಸೇರಿದ ನೀರು ಅದನ್ನೇ ಮಗುಚುತ್ತದೆ. ಸಾವಿರಾರು ಜನರನ್ನು ಹೊತ್ತ ಹಡಗಿಗೂ ಇದೇ ಲೆಕ್ಕ.

ನ್ಯೂಯಾರ್ಕ್ ದೂರವಾಯಿತು ಎನ್ನುವವರಿಗೆ ಇವರು ಹಡಗು ಹತ್ತಲಿರುವ ಮುಂಬೈ ಬಂದರಿನದೇ ಕಥೆಯಿದೆ. 1944ರ ಏಪ್ರಿಲ್ 14ರಂದು ಅಲ್ಲಿನ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ‘ಫೋರ್ಟ್ ಸ್ಟಿಕೈನ್’ ಹಡಗಿನಲ್ಲಿ ಹತ್ತಿ ಬೇಲುಗಳೂ ಸ್ಫೋಟಕಗಳೂ ತುಂಬಿದ್ದವು. ಮಧ್ಯಾಹ್ನ ಹತ್ತಿಗೆ ಬೆಂಕಿ ಬಿತ್ತು. ಟನ್ನುಗಟ್ಟಲೆ ನೀರು ಹಾಯಿಸಿದರೂ ಅದರ ಮೂಲ ಎಲ್ಲಿದೆಯೆಂದು ತಿಳಿಯಲಿಲ್ಲ. ಸಂಜೆ ನಾಲ್ಕು ದಾಟುತ್ತಲೇ ಹಡಗು ಸಿಡಿಯಿತು. ನೂರಾರು ಜನ ಸತ್ತರು, ಅವರಲ್ಲಿ ಬೆಂಕಿ ಆರಿಸಲು ಹೋದ ಅಗ್ನಿಶಾಮಕ ಸಿಬ್ಬಂದಿಯೂ ಇದ್ದರು. ಅವರ ನೆನಪಿಗಾಗಿಯೇ ದೇಶದಲ್ಲೆಲ್ಲ ಏಪ್ರಿಲ್ 14ರಂದು ಅಗ್ನಿಶಾಮಕ ಸೇವಾ ದಿನ ಆಚರಿಸುತ್ತಾರೆ. ಶಾಲೆಯ ಮಕ್ಕಳಿಗೆ ಅಂದು ಪ್ರಾತ್ಯಕ್ಷಿಕೆ ತೋರಿಸುವಾಗ, ಆ ದಿನ ಹುಟ್ಟಿದ್ದೇ ಹಡಗಿನ ಬೆಂಕಿಯಿಂದ ಎಂಬುದನ್ನೂ ಹೇಳಬೇಕು.

ಇನ್ನೂ ಹತ್ತಿರದ್ದು ಬೇಕೆ? 2025ರ ಜೂನ್ 9ರಂದು ಕೇರಳ ಕರಾವಳಿಯಾಚೆ ‘ವಾನ್ ಹೈ 503’ ಎಂಬ ಕಂಟೇನರ್ ಹಡಗು ಹೊತ್ತಿಕೊಂಡಿತು. ಅದರಲ್ಲಿದ್ದ 22 ಜನರಲ್ಲಿ 18 ಮಂದಿಯನ್ನು ರಕ್ಷಿಸಿ ಕರೆತಂದದ್ದು ನಮ್ಮ ಮಂಗಳೂರಿಗೆ. ನಾಲ್ವರು ಕಾಣೆಯಾದರು. ಮಳೆಗಾಲ, ಸುತ್ತ ಅರಬ್ಬೀ ಸಮುದ್ರ, ಕರಾವಳಿ ರಕ್ಷಣಾ ಪಡೆಯ ಹಡಗುಗಳು ಬದಿಯಲ್ಲೇ ನಿಂತು ನೀರೆರಚುತ್ತಿದ್ದವು. ಆದರೂ ಬೆಂಕಿ ದಿನಗಟ್ಟಲೆ ಉರಿಯಿತು.

ಕೊನೆಯ ಎರಡು ಸರಕು ಹಡಗುಗಳ ಮಾತಾಯಿತು, ಪ್ರವಾಸಿಗಳ ಹಡಗು ಬೇರೆ ಎಂದುಕೊಳ್ಳುವುದೂ ಬೇಡ. 2006ರ ಮಾರ್ಚ್ 23ರ ನಸುಕಿನಲ್ಲಿ ಜಮೈಕಾದ ದಾರಿಯಲ್ಲಿದ್ದ ‘ಸ್ಟಾರ್ ಪ್ರಿನ್ಸೆಸ್’ ಎಂಬ ಕ್ರೂಸ್ ಹಡಗಿನ ಬಾಲ್ಕನಿಯೊಂದರಲ್ಲಿ ಬೆಂಕಿ ಕಾಣಿಸಿಕೊಂಡಿತು. ಪ್ಲಾಸ್ಟಿಕ್ ಕುರ್ಚಿಗಳೂ ಬಾಲ್ಕನಿಗಳ ನಡುವಿನ ಪ್ಲಾಸ್ಟಿಕ್ ತಡಿಕೆಗಳೂ ಹೊತ್ತಿಕೊಂಡು, ಕಡಲಗಾಳಿಗೆ ಬೆಂಕಿ ಒಂದರಿಂದೊಂದಕ್ಕೆ ಹಬ್ಬಿತು. ನೂರಕ್ಕೂ ಹೆಚ್ಚು ಕೋಣೆಗಳಿಗೆ ಹಾನಿಯಾಯಿತು, ಹೊಗೆ ಕುಡಿದು ಒಬ್ಬರು ತೀರಿಕೊಂಡರು. ಯಾರೋ ಎಸೆದ ಸಿಗರೇಟಿನ ತುಂಡೇ ಇದಕ್ಕೆ ಕಾರಣವಾಗಿರಬಹುದು ಎಂಬ ತೀರ್ಮಾನಕ್ಕೆ ತನಿಖೆ ಬಂತು. ಸಿಗರೇಟಿನ ಒಂದು ತುಂಡು ಇಷ್ಟು ಮಾಡುವುದಾದರೆ, ಕಿಡಿ ಚೆಲ್ಲುವುದಕ್ಕೆಂದೇ ಮಾಡಿದ ಸುರ್‌ಸುರ್ ಬತ್ತಿಯನ್ನು ಏಳು ವರ್ಷದ ಮಗುವಿನ ಕೈಗೆ ಕೊಟ್ಟು ಬಾಲ್ಕನಿಯಲ್ಲಿ ನಿಲ್ಲಿಸುವುದಾದರೂ ಹೇಗೆ?

ಹೀಗಾಗಿ ಕ್ರೂಸ್ ಹಡಗುಗಳು ಮೇಣದಬತ್ತಿ, ಊದುಬತ್ತಿ, ಪಟಾಕಿ, ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ ಯಾವುದನ್ನೂ ಒಳಗೆ ಬಿಡುವುದಿಲ್ಲ. ಹತ್ತುವ ಮೊದಲು ವಿಮಾನ ನಿಲ್ದಾಣದಂತೆಯೇ ಸಾಮಾನು ಸ್ಕ್ಯಾನ್ ಆಗುತ್ತದೆ, ಸಿಕ್ಕಿದ್ದನ್ನು ತೆಗೆದಿಟ್ಟುಕೊಳ್ಳುತ್ತಾರೆ. ಇದು ಹಬ್ಬಕ್ಕೆ ಅಡ್ಡಿ ಮಾಡುವ ನಿಯಮವಲ್ಲ. ಸುರ್‌ಸುರ್ ಬತ್ತಿಯಂತೂ ಬಂದರಿನವರೆಗೂ ಹೋಗಬಾರದು. ದಾವಣಗೆರೆಯಲ್ಲಿ ರೈಲು ಹತ್ತುವಾಗ ಅದು ಚೀಲದಲ್ಲಿದ್ದರೇ ಅಪರಾಧ: 1989ರ ರೈಲ್ವೆ ಕಾಯ್ದೆಯ 164ನೇ ಕಲಮಿನ ಪ್ರಕಾರ ಮೂರು ವರ್ಷದವರೆಗೆ ಜೈಲು ಆಗಬಹುದು.

ಸೂಟ್‌ಕೇಸಿನಲ್ಲಿದ್ದ ಎಕ್ಸ್‌ಟೆನ್ಷನ್ ಬಾಕ್ಸ್ ಕೂಡ ಯಾಕೆ ಬೇಡ ಎಂಬುದು ಹಲವರಿಗೆ ಬಗೆಹರಿಯುವುದಿಲ್ಲ. ಮನೆಯ ವೈರಿಂಗ್‌ನಲ್ಲಿ ಒಂದು ಫೇಸ್, ಒಂದು ನ್ಯೂಟ್ರಲ್. ಸ್ವಿಚ್ ಆರಿಸಿದರೆ ಫೇಸ್ ಕಡಿಯುತ್ತದೆ. ಹಡಗುಗಳಲ್ಲಿ ಸಾಮಾನ್ಯವಾಗಿ ಎರಡು ತಂತಿಯಲ್ಲೂ ವಿದ್ಯುತ್ತಿನ ಒತ್ತಡ ಇರುವಂಥ ವ್ಯವಸ್ಥೆ. ಮನೆಯ ಸರ್ಜ್ ಪ್ರೊಟೆಕ್ಟರ್ ಇರುವ ಬಾಕ್ಸ್ ಇದಕ್ಕೆ ಹೊಂದುವುದಿಲ್ಲ, ದೋಷ ಬಂದಾಗ ಒಂದೇ ತಂತಿ ಕಡಿದು ಇನ್ನೊಂದು ಬಿಸಿಯೇರುತ್ತದೆ. ಅಮೆರಿಕದ ಕೋಸ್ಟ್ ಗಾರ್ಡ್ 2013ರಲ್ಲಿ ಇದರ ಬಗ್ಗೆಯೇ ಎಚ್ಚರಿಕೆ ಹೊರಡಿಸಿತ್ತು.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಕಿಲ್ಲ. ಡಿಸೆಂಬರ್‌ನಲ್ಲಿ ಸಮುದ್ರ ಉಗ್ರವಾಗಿರುತ್ತದೆ ಎನ್ನುತ್ತಾರೆ. ಅರಬ್ಬೀ ಸಮುದ್ರ ಕೆರಳುವುದು ಮುಂಗಾರಿನಲ್ಲಿ. ಕರ್ನಾಟಕದ ಕರಾವಳಿಯಲ್ಲಿ 61 ದಿನ ಯಾಂತ್ರೀಕೃತ ಮೀನುಗಾರಿಕೆ ನಿಲ್ಲುವುದು ಜೂನ್ 1ರಿಂದ, ಡಿಸೆಂಬರ್‌ನಲ್ಲಿ ಅಲ್ಲ. ವಾಂತಿಯಾಗದಿರಲು ಉಪವಾಸ ಇದ್ದು ಹತ್ತಬೇಕು ಎಂಬುದೂ ತಪ್ಪು. ಕಿವಿಯೊಳಗಿನ ಸಮತೋಲನದ ಅಂಗ ಹೇಳುವುದಕ್ಕೂ ಕಣ್ಣು ಕಾಣುವುದಕ್ಕೂ ತಾಳೆಯಾಗದಾಗ ತಲೆ ಸುತ್ತುತ್ತದೆ, ಖಾಲಿ ಹೊಟ್ಟೆ ಅದನ್ನು ಹೆಚ್ಚಿಸುತ್ತದೆ. ಹಗುರಾಗಿ ತಿಂದು, ಡೆಕ್ಕಿಗೆ ಬಂದು ದೂರದ ದಿಗಂತ ನೋಡುವುದು ಒಳ್ಳೆಯದು. ಮುಂಬೈ–ಗೋವಾದಂಥ ದೇಶದೊಳಗಿನ ಪಯಣಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ, ಸರ್ಕಾರ ಕೊಟ್ಟ ಫೋಟೊ ಗುರುತಿನ ಚೀಟಿ ಸಾಕು.

ಇಂಥ ಮಾತುಗಳಿಗೆ ಬುಡ ಎಲ್ಲಿ ಎಂದು ಯಾರೂ ಕೇಳುವುದಿಲ್ಲ, ಬೇಸರವಾಗುವುದು ಇದಕ್ಕೇ. ಸೂಳೆಕೆರೆಯ ವಿಷಯವನ್ನೇ ನೋಡಿ. ಏಷ್ಯಾದಲ್ಲೇ ಮನುಷ್ಯರು ಕಟ್ಟಿದ ಎರಡನೇ ದೊಡ್ಡ ಕೆರೆ ಎಂದು ಅದನ್ನು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ, ಮಕ್ಕಳು ಪ್ರಬಂಧದಲ್ಲಿ ಬರೆದು ಅಂಕ ಪಡೆದಿದ್ದಾರೆ. ಎರಡನೆಯದಾದರೆ ಮೊದಲನೆಯದು ಯಾವುದು ಎಂದು ಒಬ್ಬರಾದರೂ ಕೇಳಬೇಕಲ್ಲ? ಪಕ್ಕದ ಶಿವಮೊಗ್ಗ ಜಿಲ್ಲೆಯ ಲಿಂಗನಮಕ್ಕಿಯ ಹಿನ್ನೀರೇ ಇದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ವಿಸ್ತಾರ. ಸೂಳೆಕೆರೆಗೆ ಈ ಸುಳ್ಳು ಬಿರುದೂ ಬೇಡ. ಶತಮಾನಗಳ ಹಿಂದೆ ಎರಡು ಗುಡ್ಡಗಳ ನಡುವೆ ಏರಿ ಹಾಕಿ ಹೊಳೆ ತಡೆದ ಜಾಣ್ಮೆಯೇ ಅದಕ್ಕೆ ದೊಡ್ಡ ಹೆಮ್ಮೆ. ಕೇಳಿದ್ದನ್ನು ಕೇಳಿದ ಹಾಗೇ ಮುಂದೆ ದಾಟಿಸುವ ಅಭ್ಯಾಸ ಕೆರೆಯ ವಿಷಯದಲ್ಲಿ ಯಾರ ಜೀವಕ್ಕೂ ಕುತ್ತು ತರುವುದಿಲ್ಲ. ಅದೇ ಅಭ್ಯಾಸ ಬೆಂಕಿಪೊಟ್ಟಣದ ಜೊತೆ ಹಡಗು ಹತ್ತಿದರೆ ತರುತ್ತದೆ.

ಹಾಗೆಂದು ಹಡಗಲ್ಲಿ ಹಬ್ಬ ಸಪ್ಪೆಯಾಗಬೇಕೆಂದೇನೂ ಇಲ್ಲ. ಚನ್ನಗಿರಿಯ ಆ ಸೂಟ್‌ಕೇಸನ್ನು ಮರುದಿನ ಮತ್ತೆ ಜೋಡಿಸಿದರು. ಕೆಂಪು ನಕ್ಷತ್ರ ಉಳಿಯಿತು, ಅದರೊಳಗಿನ ಬಲ್ಬಿನ ಬದಲು ಬ್ಯಾಟರಿ ದೀಪ ಬಂತು. ಚಪ್ಪಲಿ ಡಬ್ಬದಲ್ಲಿ ಗೋದಲಿ ಸಿದ್ಧವಾಯಿತು: ಒಣ ಹುಲ್ಲಿನ ಬದಲು ಹಳದಿ ಉಣ್ಣೆ, ಮಣ್ಣಿನ ಮೂರು ಕುರಿ. ಕೋಣೆಯ ಗೋಡೆ ಉಕ್ಕಿನದಾದ್ದರಿಂದ ಅಂಟಿಸಲು ಟೇಪು ಬೇಡ, ಫ್ರಿಜ್ಜಿಗೆ ಹಚ್ಚುವ ಆಯಸ್ಕಾಂತಗಳು ಸಾಕು. ಉಡುಗೊರೆಗಳಿಗೆ ಕಾಗದ ಸುತ್ತಲಿಲ್ಲ, ತಪಾಸಣೆಯಲ್ಲಿ ಬಿಚ್ಚಿಸಿದರೆ ಮಕ್ಕಳ ಮುಖ ಸಣ್ಣಗಾಗುತ್ತದೆ. ಕಾಗದವನ್ನು ಬೇರೆ ಇಟ್ಟುಕೊಂಡರು. ಮನೆಯ ಕಜ್ಜಾಯ, ಕರ್ಜಿಕಾಯಿ ಒಯ್ಯಬಹುದೇ, 24ರ ರಾತ್ರಿ ಪ್ರಾರ್ಥನೆಗೆ ಹಡಗಲ್ಲಿ ಜಾಗ ಕೊಡುತ್ತಾರೆಯೇ ಎಂದು ಟಿಕೆಟ್ ಕೊಟ್ಟವರನ್ನೇ ಫೋನಿನಲ್ಲಿ ಕೇಳಿದರು. ಬ್ಯಾಟರಿ ದೀಪ ಅಜ್ಜಿಗೆ ಒಪ್ಪಿಗೆಯಾಗಲಿಲ್ಲ. ಅವರಿಗಾಗಿ ನಿಜವಾದ ಮೇಣದಬತ್ತಿಯನ್ನು ಹೊರಡುವ ಹಿಂದಿನ ಸಂಜೆ ಮನೆಯಲ್ಲೇ ಹಚ್ಚಿ, ನಾಲ್ಕೂ ಮನೆಯವರು ಸೇರಿ ಪ್ರಾರ್ಥಿಸಿ, ಆರಿಸಿ ಹೊರಡುವುದೆಂದಾಯಿತು.

ಹಡಗು ಹೊರಡುವ ಮೊದಲು ಎಲ್ಲರನ್ನೂ ಒಂದೆಡೆ ಸೇರಿಸಿ ಅಪಾಯದ ತಾಲೀಮು ಮಾಡಿಸುತ್ತಾರೆ. 2012ರ ಜನವರಿಯಲ್ಲಿ ಇಟಲಿಯ ‘ಕೋಸ್ಟಾ ಕಾಂಕಾರ್ಡಿಯಾ’ ಬಂಡೆಗೆ ಬಡಿದು 32 ಜನ ಸತ್ತ ಮೇಲೆ ಅಂತರರಾಷ್ಟ್ರೀಯ ನಿಯಮವನ್ನು ಬಿಗಿ ಮಾಡಿದರು. ಆ ಹೊತ್ತಿಗೆ ಸೆಲ್ಫಿಗೆಂದು ಡೆಕ್ಕಿಗೆ ಓಡಬೇಡಿ, ಮಕ್ಕಳನ್ನು ಮುಂದೆ ನಿಲ್ಲಿಸಿ ಕೇಳಿಸಿ. ಏಳು ಚಿಕ್ಕ ಕೂಗು, ಕೊನೆಗೊಂದು ಉದ್ದ ಕೂಗು: ಅದು ಹಡಗಿನ ಅಪಾಯದ ಸದ್ದು. ಕ್ರಿಸ್‌ಮಸ್ ಹಾಡುಗಳ ಜೊತೆಗೆ ಇದನ್ನೂ ಮನೆಯಲ್ಲೇ ಮಕ್ಕಳಿಗೆ ಎಣಿಸಿ ಕಲಿಸಿ ಕರೆದುಕೊಂಡು ಹೋಗಿ.