ಬಾಕಿ ವಸೂಲಿಯ ದಾರಿಯಲ್ಲಿ ಸಿಕ್ಕಿದ ಬಡ್ಡಿ!

ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣ. ಬೆಳಗ್ಗೆ ಆರೂವರೆ. ಕಂಕುಳಲ್ಲಿ ರೆಕ್ಸಿನ್ ಬ್ಯಾಗು, ಕಿಸೆಯಲ್ಲಿ ಬಾಕಿ ಪುಸ್ತಕ. ಬಂದರಿನ ರಖಂ ಅಂಗಡಿಯೊಂದರ ಗುಮಾಸ್ತರು ಉಡುಪಿ ಬಸ್ಸು ಹತ್ತಿ ಬಲಬದಿಯ ಕಿಟಕಿ ಸೀಟು ಹಿಡಿದರೆಂದರೆ ಅಂದು ಮಂಗಳವಾರ ಎಂದೇ ಲೆಕ್ಕ!

ಬೈಂದೂರು ಲೈನಿನ ವಸೂಲಿ ಇವರದು. ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಹೋಗುವಾಗಲೂ ಬಲಬದಿಯೇ, ಬರುವಾಗಲೂ ಬಲಬದಿಯೇ ಬೇಕು. ಬೆಳಗ್ಗಿನ ಬಿಸಿಲು ಮುಖಕ್ಕೆ ಹೊಡೆದರೂ ಚಿಂತೆ ಇಲ್ಲ. ಯಾಕೆ? ಹೋಗುವಾಗ ಆ ಬದಿಗೆ ಘಟ್ಟ. ಬರುವಾಗ ಅದೇ ಬದಿಗೆ ಕಡಲು!

ಮೊದಲು ಹೀಗಿರಲಿಲ್ಲ. ಕೊಟ್ಟಾರ ಚೌಕಿ ದಾಟುವಾಗಲೇ ನಿದ್ದೆ. ಉಡುಪಿಯಲ್ಲಿ ಕಂಡಕ್ಟರ್ "ಅಣ್ಣಾ, ಇಳೀರಿ" ಎಂದು ಭುಜ ತಟ್ಟಬೇಕು. ಅಲ್ಲಿ ಬಸ್ಸು ಬದಲಿಸಿ ಮತ್ತೆ ನಿದ್ದೆ. ಎಷ್ಟು ಹೊಳೆ ದಾಟಿತು, ಎಷ್ಟು ಗದ್ದೆ ಹೋಯಿತು, ಯಾರಿಗೆ ಬೇಕು? ಬ್ಯಾಗು ಭದ್ರ ಇದ್ದರೆ ಸಾಕು.

ಟಯರು ಪಂಕ್ಚರ್ ಆದ ದಿನ

ಒಂದು ಆಟಿಯ ದಿನ ಮರವಂತೆಯಲ್ಲಿ ಬಸ್ಸಿನ ಟಯರು ಪಂಕ್ಚರ್. ಮಳೆ ಆಗಷ್ಟೇ ಬಿಟ್ಟಿತ್ತು. ಬೈಯುತ್ತಾ ಇಳಿದವರು ನೋಡುತ್ತಾರೆ: ರಸ್ತೆಯ ಎಡಕ್ಕೆ ಕಡಲು, ಕೆಂಪು ಕೆಂಪಾಗಿ ಎದ್ದು ಕಲ್ಲಿಗೆ ಬಡಿಯುತ್ತಾ ಉಂಟು. ಬಲಕ್ಕೆ ಸೌಪರ್ಣಿಕಾ ಹೊಳೆ, ಅಲೆ ಎಂಬುದೇ ಇಲ್ಲ. ಸಣ್ಣ ದೋಣಿಯಲ್ಲಿ ಒಬ್ಬ ಬಲೆ ಬೀಸುತ್ತಾ ಇದ್ದಾನೆ. ಅವನ ಹಿಂದೆ, ದೂರದಲ್ಲಿ, ಮೋಡ ಸರಿದು ಕೊಡಚಾದ್ರಿ ಎದ್ದು ನಿಂತಿದೆ. ನಡುವೆ ಇರುವುದು ಒಂದು ರಸ್ತೆ ಮಾತ್ರ!

ಅರ್ಧ ಗಂಟೆ ಹೋದದ್ದೇ ತಿಳಿಯಲಿಲ್ಲ. ಆ ದಿನ ಮೂರು ಅಂಗಡಿಯ ವಸೂಲಿ ತಪ್ಪಿತು. ಆದರೆ ಅಂದಿನಿಂದ ಬಸ್ಸಿನಲ್ಲಿ ನಿದ್ದೆಯೂ ತಪ್ಪಿತು.

ಈಗ ಅವರಿಗೆ ಹೊಳೆಗಳೆಲ್ಲ ಬಾಯಿಪಾಠ. ಕೂಳೂರಿನಲ್ಲಿ ಫಲ್ಗುಣಿ. ಪಾವಂಜೆಯಲ್ಲಿ ನಂದಿನಿ. ಮುಲ್ಕಿಯಲ್ಲಿ ಶಾಂಭವಿ. ಉದ್ಯಾವರದ ಹೊಳೆ ದಾಟಿದರೆ ಉಡುಪಿ. ಮುಂದೆ ಕಲ್ಯಾಣಪುರದಲ್ಲಿ ಸ್ವರ್ಣಾ, ಮಾಬುಕಳದಲ್ಲಿ ಸೀತಾ. ಕುಂದಾಪುರಕ್ಕೆ ಬಂದರೆ ಪಂಚಗಂಗಾವಳಿ. ಸೇತುವೆಗಳಿಲ್ಲದ ಕಾಲದಲ್ಲಿ ಹಿರಿಯರು ಕಡವು ಕಡವಿಗೂ ದೋಣಿಗೆ ಕಾದು ದಾಟಿದ ಹೊಳೆಗಳಿವು. ಇಂದು ಬಸ್ಸಿಗೆ ಅರ್ಧ ನಿಮಿಷದ ಕೆಲಸ. ಆ ಅರ್ಧ ನಿಮಿಷದಲ್ಲಿ ತಲೆ ಎತ್ತಿದವನಿಗೆ ಉಂಟು, ಮಲಗಿದವನಿಗೆ ಇಲ್ಲ!

ಹತ್ತಿರ ಬಂದು ತಿರುಗಿದ ಹೊಳೆ

ಕೊಲ್ಲೂರಿನ ಕಡೆಯಿಂದ ಇಳಿದು ಬರುವ ಸೌಪರ್ಣಿಕೆಯದು ವಿಚಿತ್ರ ಸ್ವಭಾವ. ಮರವಂತೆಯಲ್ಲಿ ಕಡಲಿಗೆ ಮುಖ ಕೊಟ್ಟಷ್ಟು ಹತ್ತಿರ ಬರುತ್ತದೆ. ಇನ್ನೇನು ಸೇರಿತು ಎನ್ನುವಾಗ ತೆಂಕಿಗೆ ತಿರುಗಿ ಗಂಗೊಳ್ಳಿಯತ್ತ ಹೋಗುತ್ತದೆ. ಅಲ್ಲಿ ವಾರಾಹಿ, ಚಕ್ರಾ ಮೊದಲಾದ ಹೊಳೆಗಳ ಜತೆ ಕೂಡಿ ಕಡಲು ಸೇರುವುದು. ಕರ್ಕಾಟಕ ಅಮಾವಾಸ್ಯೆಯ ಜಾತ್ರೆಗೆ ಬಂದ ಜನ ಇಲ್ಲಿ ಹೊಳೆಯಲ್ಲೂ ಮೀಯುತ್ತಾರೆ, ಕಡಲಲ್ಲೂ ಮೀಯುತ್ತಾರೆ.

"ನಮ್ಮ ಕೆಲವು ಗಿರಾಕಿಗಳೂ ಹಾಗೆಯೇ ಮಾರಾಯ್ರೆ! ಕೊಡ್ತೇನೆ ಅಂತ ಕೌಂಟರ್ ತನಕ ಬಂದು ಹಿಂದೆ ತಿರುಗ್ತಾರೆ. ಆದ್ರೆ ಕೊನೆಗೆ ಕೊಟ್ಟೇ ಕೊಡ್ತಾರೆ" ಎಂದು ಗುಮಾಸ್ತರು ನಗುತ್ತಾರೆ.

ಈಗ ಅವರ ಮಂಗಳವಾರಕ್ಕೇ ಕುತ್ತು ಬಂದಿದೆ. "ಇನ್ನು ಬಸ್ ಚಾರ್ಜು ಯಾಕೆ ದಂಡ? ಹಣ ಫೋನಿಗೇ ಬರ್ತದಲ್ಲ" ಎಂದರಂತೆ ಧಣಿ. "ಹಣ ಫೋನಿಗೆ ಬರ್ತದೆ ಧಣಿ, ಬಾಕಿ ಬರುವುದಿಲ್ಲ. ಬಾಕಿಗೆ ಮುಖ ಕಾಣ್ಬೇಕು" ಎಂದು ಇವರು ಉತ್ತರ ಕೊಟ್ಟರು. ಮಾತು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ! ಕೊನೆಗೆ ವಾರಕ್ಕೊಮ್ಮೆ ಎಂಬುದು ಹದಿನೈದು ದಿನಕ್ಕೊಮ್ಮೆ ಎಂದು ತೀರ್ಮಾನವಾಯಿತು. ಮುಂದಿನ ವರ್ಷ ಅದೂ ಉಂಟೋ ಇಲ್ಲವೋ.

ಕುತ್ತು ಗುಮಾಸ್ತರಿಗೆ ಮಾತ್ರವಲ್ಲ, ಆ ರಸ್ತೆಗೂ ಇದೆ. ಹಳಬರ ಬಾಯಲ್ಲಿ ಇಂದಿಗೂ 17 ಆಗಿಯೇ ಉಳಿದಿರುವ ರಾಷ್ಟ್ರೀಯ ಹೆದ್ದಾರಿ 66 ಅಗಲವಾಗಿದೆ. ಬಸ್ಸಿನ ವೇಗ ಹೆಚ್ಚಿದೆ, ನೋಡುವ ಹೊತ್ತು ಕಡಿಮೆಯಾಗಿದೆ. ಅತ್ತ ಮಳೆಗಾಲ ಬಂದರೆ ಕಡಲ್ಕೊರೆತ. ಎಷ್ಟು ಕಲ್ಲು ಸುರಿದರೂ ಕಡಲಿನ ಹಸಿವು ತೀರುವುದಿಲ್ಲ. ಹೆದ್ದಾರಿಯಲ್ಲೇ ಕಾರು ನಿಲ್ಲಿಸಿ ಫೋಟೋ ತೆಗೆಯುವವರು, ಬಂಡೆ ಮೇಲೆ ಬಾಟ್ಲಿ ಒಡೆಯುವವರು, ಬೋರ್ಡು ಇದ್ದರೂ ಅಲೆಗೆ ಇಳಿಯುವವರು ಬೇರೆ!

ಸಂಜೆ ಆರೂವರೆಗೆ ವಾಪಸ್ ಬಸ್ಸು ಮರವಂತೆಗೆ ಬರುತ್ತದೆ. ಸೂರ್ಯ ಕಡಲಿಗೆ ಮುಟ್ಟುವ ಹೊತ್ತು. ಬಸ್ಸಿನಲ್ಲಿ ಅರ್ಧ ಜನ ಮೊಬೈಲಿನಲ್ಲಿ, ಅರ್ಧ ಜನ ನಿದ್ದೆಯಲ್ಲಿ. ಗುಮಾಸ್ತರು ಮಾತ್ರ ಪಕ್ಕದವನ ಮೊಣಕೈ ತಟ್ಟಿ "ಅಲ್ಲಿ ಕಾಣಿ" ಎನ್ನುತ್ತಾರೆ. ಪಕ್ಕದವನು ತಲೆ ಎತ್ತುವಷ್ಟರಲ್ಲಿ ಬಸ್ಸು ತ್ರಾಸಿಗೆ ಬಂದಾಗಿರುತ್ತದೆ.

ಟಿಕೆಟು ಎಲ್ಲರಿಗೂ ಒಂದೇ. ನೋಡುವವರು ನೋಡಲಿ. ನೋಡುವುದಕ್ಕೆ ಆ ದಡ ಉಳಿಯಬೇಕಲ್ಲ? ಇನ್ನೊಂದು ಮಳೆಗಾಲಕ್ಕೆ ಮೊದಲು ಸಂಬಂಧಪಟ್ಟವರು ಕಣ್ಣು ತೆರೆಯುವರೇ?