ಸೈನಿಕನ ಬಾಹುಯುದ್ಧ

ಕಳೆದ ಬೇಸಗೆಯಲ್ಲಿ ನಮ್ಮ ಹಳೆಯ ಶಿಷ್ಯನೊಬ್ಬನು ಸೈನ್ಯದಿಂದ ರಜೆಯ ಮೇಲೆ ಊರಿಗೆ ಬಂದು, ತಾಯಿಯೊಡನೆ ನಮ್ಮನ್ನು ಕಂಡು ಹೋಗಲು ಮನೆಗೆ ಬಂದಿದ್ದನು. ಬೆಳಗಾವಿಯಲ್ಲಿ ಕಮಾಂಡೋ ಶಿಕ್ಷಣವನ್ನು ಮುಗಿಸಿದೆನೆಂದೂ, ಅಲ್ಲಿ ಬರಿಗೈಯಿಂದ ಹೋರಾಡುವುದನ್ನೂ ಕಲಿತೆನೆಂದೂ ಅವನು ಉತ್ಸಾಹದಿಂದ ಹೇಳುತ್ತಿದ್ದಾಗ ತಾಯಿಯ ಮುಖವು ಬಾಡಿತು. “ಕೈಯಲ್ಲಿ ಬಂದೂಕಿರುವವನಿಗೆ ಈ ಹೊಡೆದಾಟವೇಕೆ, ಮೇಷ್ಟ್ರೇ? ಮೊನ್ನೆ ಬೆಳಗ್ಗೆ ಎಬ್ಬಿಸೋಣವೆಂದು ಭುಜ ಮುಟ್ಟಿದೆ. ನನ್ನ ಕೈಯನ್ನೇ ತಿರುಚಿ ಹಿಡಿದುಬಿಟ್ಟ. ಇದನ್ನು ಕಲಿತ ಕೈ ಮನೆಯಲ್ಲಿ ಸುಮ್ಮನಿರುವುದೆ?” ಎಂದು ಆಕೆ ಕೇಳಿದರು. ಹುಡುಗನು ತಲೆ ತಗ್ಗಿಸಿ ಕುಳಿತನು.

ಆ ತಾಯಿಯ ಪ್ರಶ್ನೆಗಳು ಎರಡು; ಎರಡೂ ನ್ಯಾಯವಾದುವೇ. ಮಗನನ್ನು ಸೈನ್ಯಕ್ಕೆ ಕಳುಹಿಸಿದ ಮನೆಗಳು ನಮ್ಮ ನಾಡಿನಲ್ಲಿ ಅನೇಕವಿರುವುದರಿಂದ, ನಾವು ಅಂದು ಹೇಳಿದುದನ್ನು ವಾಚಕರ ಮುಂದೆಯೂ ಇಡುತ್ತೇವೆ.

ಬಂದೂಕಿರುವಾಗ ಬಾಹುಬಲವೇಕೆ ಎಂಬುದು ಮೊದಲನೆಯದು. ಇದಕ್ಕೆ ದೂರದ ಉದಾಹರಣೆ ಬೇಡ. 2020ನೆಯ ಜೂನ್ 15ರ ರಾತ್ರಿ ಲಡಾಖಿನ ಗಾಲ್ವಾನ್ ಕಣಿವೆಯಲ್ಲಿ ನಮ್ಮ ಸೈನಿಕರಿಗೂ ಚೀನದವರಿಗೂ ಕಾಳಗವಾಯಿತು. ವಾಸ್ತವ ನಿಯಂತ್ರಣ ರೇಖೆಯಿಂದ ಎರಡು ಕಿಲೋಮೀಟರಿನೊಳಗೆ ಗುಂಡು ಹಾರಿಸಬಾರದೆಂದು 1996ರಲ್ಲಿ ಎರಡು ದೇಶಗಳೂ ಒಪ್ಪಂದ ಮಾಡಿಕೊಂಡಿದ್ದುವು. ಆದುದರಿಂದ ಅಂದು ಬಂದೂಕುಗಳು ಮೌನವಾಗಿದ್ದು, ಕಲ್ಲು, ದೊಣ್ಣೆ, ಕಬ್ಬಿಣದ ಸಲಾಕೆ, ಬರಿಗೈಗಳೇ ಆಯುಧಗಳಾದುವು. ಕರ್ನಲ್ ಸಂತೋಷ ಬಾಬು ಅವರೂ ಸೇರಿ ನಮ್ಮವರು 20 ಮಂದಿ ಮಡಿದರು. ತಮ್ಮವರು ನಾಲ್ವರು ಸತ್ತರೆಂದು ಚೀನವು 2021ರಲ್ಲಿ ಒಪ್ಪಿಕೊಂಡಿತು. ಅಣ್ವಸ್ತ್ರಗಳುಳ್ಳ ಎರಡು ರಾಜ್ಯಗಳು ಪುರಾತನರಂತೆ ಕೈಗೆ ಕೈ ಕೊಟ್ಟು ಹೋರಾಡಿದುವು. ಯಂತ್ರವು ಎಷ್ಟೇ ಬೆಳೆಯಲಿ, ಗುಂಡು ತೀರಿದಾಗ, ಕತ್ತಲಲ್ಲಿ ಶತ್ರು ಮೈಮೇಲೆ ಬಿದ್ದಾಗ, ಅಥವಾ ಗುಂಡು ಹಾರಿಸುವುದೇ ನಿಷಿದ್ಧವಾಗಿರುವಾಗ, ಸೈನಿಕನಿಗೆ ಉಳಿಯುವುದು ತನ್ನ ದೇಹವೊಂದೇ.

ಈ ವಿದ್ಯೆಯು ನಮಗೆ ಹೊಸತಲ್ಲ. ಅಮರಕೋಶವು ಬಾಹುಯುದ್ಧಕ್ಕೆ ನಿಯುದ್ಧವೆಂಬ ಹೆಸರನ್ನು ಕೊಡುತ್ತದೆ. ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲರ ವಿಷಯಕ್ಕೇ ಒಂದು ಪ್ರಕರಣವುಂಟು. ಆದರೆ ಗರಡಿಮನೆಯ ಕುಸ್ತಿಯೇ ಸೈನಿಕನ ನಿಯುದ್ಧವೆಂದು ಭಾವಿಸಬಾರದು. ಕುಸ್ತಿಯಲ್ಲಿ ಸಮಜೋಡಿಯುಂಟು, ಮೆತ್ತನೆಯ ಕೆಮ್ಮಣ್ಣುಂಟು, ನೋಡುವ ಹಿರಿಯರುಂಟು. ಎದುರಾಳಿಯ ಬೆನ್ನು ನೆಲಕ್ಕೆ ತಾಗಿದರೆ ಆಟ ಮುಗಿಯಿತು. ಸೈನಿಕನ ಹೋರಾಟದಲ್ಲಿ ಇದಾವುದೂ ಇಲ್ಲ.

ಈ ಭೇದವನ್ನು ಪೆಟ್ಟು ತಿಂದು ಕಲಿತವನು ಇಂಗ್ಲೆಂಡಿನ ವಿಲಿಯಂ ಫೇರ್‌ಬೇರ್ನ್. 1907ರಲ್ಲಿ ಶಾಂಘೈ ನಗರದ ಪೊಲೀಸ್ ಪಡೆಗೆ ಸೇರಿದ ಆತನು ದುಷ್ಟರ ಗುಂಪಿನಿಂದ ಪ್ರಾಣಾಪಾಯವಾಗುವಷ್ಟು ಹೊಡೆಸಿಕೊಂಡನು. ಬಳಿಕ ಜಪಾನಿನ ಜುಜುತ್ಸು ವಿದ್ಯೆಯನ್ನು ಅಭ್ಯಾಸ ಮಾಡಿ, ಬೀದಿಯ ಅನುಭವವನ್ನು ಅದಕ್ಕೆ ಕೂಡಿಸಿ, 1926ರಲ್ಲಿ ಒಂದು ಪುಸ್ತಕವನ್ನು ಬರೆದನು. ಎರಡನೆಯ ಮಹಾಯುದ್ಧದಲ್ಲಿ ಸ್ಕಾಟ್‌ಲೆಂಡಿನಲ್ಲಿ ಬ್ರಿಟಿಷ್ ಕಮಾಂಡೋಗಳಿಗೆ ಗುರುವಾದನು. ನೂರು ಪಟ್ಟುಗಳಿಗಿಂತ ನಾಲ್ಕೈದು ಸರಳವಾದ ಪೆಟ್ಟುಗಳು ಮೇಲು ಎಂಬುದೇ ಆತನ ಮತ. ಭಯದಲ್ಲಿ ಎದೆ ಬಡಿದುಕೊಳ್ಳುವಾಗ ಬೆರಳುಗಳ ಸೂಕ್ಷ್ಮ ಚಲನೆ ತಪ್ಪುವುದು. ದೇಹಕ್ಕೆ ರೂಢಿಯಾದ ದೊಡ್ಡ ಚಲನೆ ಮಾತ್ರ ಉಳಿಯುವುದು. ಮುಷ್ಟಿಯಿಂದ ದವಡೆಗೆ ಗುದ್ದಿದರೆ ಗುದ್ದಿದವನ ಬೆರಳೆಲುಬೇ ಮುರಿಯಬಹುದೆಂದು ಅಂಗೈಯ ಬುಡದಿಂದ ಹೊಡೆಯಲು ಕಲಿಸಿದನು. ಯೋಚಿಸುವ ಮೊದಲೇ ಕೈ ಏಳುವವರೆಗೂ ಇಂತಹವನ್ನು ಮತ್ತೆ ಮತ್ತೆ ಮಾಡಿಸುವರು. ತಾಯಿಯ ಕೈ ತಿರುಚಿದುದು ಈ ಅಭ್ಯಾಸವೇ ಹೊರತು ಮಗನ ದ್ವೇಷವಲ್ಲ.

ಹಾಗಾದರೆ ಅಂತಹ ಕೈಗೆ ಕಡಿವಾಣವೇನು? ಇದೇ ಎರಡನೆಯ ಪ್ರಶ್ನೆ. ಮಹಾಭಾರತದ ಯುದ್ಧಕ್ಕೆ ಮೊದಲು ಎರಡು ಪಕ್ಷದವರೂ ಕೂಡಿ, ಶರಣಾದವನನ್ನೂ ಆಯುಧ ಕಳೆದುಕೊಂಡವನನ್ನೂ ಕೊಲ್ಲಬಾರದೆಂದು ಕಟ್ಟಳೆ ಮಾಡಿಕೊಂಡರು. ಯುದ್ಧದ ಕೊನೆಯಲ್ಲಿ ಅಶ್ವತ್ಥಾಮನು ಇರುಳಿನಲ್ಲಿ ಪಾಳೆಯವನ್ನು ಹೊಕ್ಕು, ಮಲಗಿದ್ದ ಧೃಷ್ಟದ್ಯುಮ್ನನನ್ನು ಜುಟ್ಟು ಹಿಡಿದೆಳೆದು ಮರ್ಮಸ್ಥಾನಗಳಲ್ಲಿ ತುಳಿದು ಕೊಂದನು. ಶಸ್ತ್ರದಿಂದಲಾದರೂ ಕೊಲ್ಲೆಂದು ಅವನು ಬೇಡಿದರೂ ಕೇಳಲಿಲ್ಲ. ಬಲವೂ ಇತ್ತು, ವಿದ್ಯೆಯೂ ಇತ್ತು. ನಿಲ್ಲಬೇಕಾದಲ್ಲಿ ನಿಲ್ಲುವ ವಿವೇಕವೊಂದು ಇರಲಿಲ್ಲ. ಆಯುಧ ಕೆಳಗಿಟ್ಟವನನ್ನೂ ಗಾಯಗೊಂಡವನನ್ನೂ ಹಿಂಸಿಸಬಾರದೆಂದು 1949ರ ಜಿನೀವಾ ಒಪ್ಪಂದಗಳೂ ವಿಧಿಸುತ್ತವೆ. ಅಮೆರಿಕದ ಮರೀನ್ ಪಡೆಯ ಯುದ್ಧಕಲಾ ಶಿಕ್ಷಣದಲ್ಲಿ ದೇಹದ ಅಭ್ಯಾಸಕ್ಕೆ ಮನಸ್ಸಿನ ಶಿಕ್ಷಣವನ್ನೂ ಶೀಲದ ಶಿಕ್ಷಣವನ್ನೂ ಜತೆಗೂಡಿಸಿರುವುದಕ್ಕೆ ಇದೇ ಕಾರಣವಾಗಿರಬೇಕು. ಕುಸ್ತಿಗೆ ನಿಯಮವು ಅಖಾಡದಲ್ಲಿದೆ. ಸೈನಿಕನ ನಿಯುದ್ಧಕ್ಕೆ ನಿಯಮವು ಸೈನಿಕನೊಳಗೇ ಇರಬೇಕು.

ನಾವು ಇಷ್ಟು ಹೇಳಿ ಹುಡುಗನ ಕಡೆ ನೋಡಿದೆವು. ಅವನು ಮೆಲ್ಲನೆ, “ನಮಗೆ ಮೊದಲು ಕಲಿಸಿದ್ದು ಹೊಡೆಯುವುದನ್ನಲ್ಲ, ಮೇಷ್ಟ್ರೇ, ಪೆಟ್ಟಾಗದಂತೆ ಬೀಳುವುದನ್ನು. ಆಮೇಲೆ, ಜೊತೆಗಾರ ನೆಲ ತಟ್ಟಿದ ಕ್ಷಣವೇ ಹಿಡಿತ ಬಿಡುವುದನ್ನು. ಬಿಡದವನಿಗೆ ಶಿಕ್ಷೆಯಾಗುತ್ತಿತ್ತು” ಎಂದನು.

ಆದರೆ ಎಲ್ಲವನ್ನೂ ಶಿಬಿರವೇ ಮಾಡಲಾರದು. ಗಡಿಯಿಂದ ಬಂದ ಮಗನಿಗೆ ಮನೆಯ ನಿಶ್ಚಿಂತೆಯು ಒಂದೇ ದಿನದಲ್ಲಿ ಮರಳುವುದಿಲ್ಲ. ಮಲಗಿದ್ದವನನ್ನು ಮುಟ್ಟಿ ಅಲುಗಿಸದೆ, ಬಾಗಿಲ ಬಳಿ ನಿಂತು ಹೆಸರು ಹಿಡಿದು ಕರೆಯಿರಿ. ಮಕ್ಕಳಿಗೂ ಇದನ್ನು ಹೇಳಿಕೊಡಿ. ನಿದ್ರೆ ಬಾರದೆ ಇದ್ದರೆ, ಕೋಪವು ಅಂಕೆ ಮೀರಿದರೆ, ಮಾತು ಕಡಮೆಯಾದರೆ, ನಾಚಿಕೆಪಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಕೈಗೆ ಗಾಯವಾದರೆ ಪಟ್ಟಿ ಕಟ್ಟಿಸುವ ನಾವು ಮನಸ್ಸಿನ ಗಾಯವನ್ನು ಮುಚ್ಚಿಡುವುದು ವಿವೇಕವಲ್ಲ.

ಹೊರಡುವಾಗ ಆ ತಾಯಿ ಮೆಟ್ಟಿಲಿಳಿಯಲು ತಡವರಿಸಿದರು. ಮಗನು ಕೈಯನ್ನು ಮುಂದೆ ಚಾಚಿದನು. ಆಕೆ ಒಂದು ಗಳಿಗೆ ಅದನ್ನು ನೋಡಿ, ಹಿಡಿದುಕೊಂಡು ಇಳಿದರು.